ಬಾಣಸವಾಡಿಯಿಂದ ಕಂಡ ನ್ಯಾಯಸ್ಥಾನಗಳು

ನ್ಯಾಯ ಕೇಳಲು ಹೊರಟವನಿಗೆ ನ್ಯಾಯವು ತನ್ನ ಕಡೆಗೇ ಇದೆಯೆಂಬ ನಂಬಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ವಕೀಲರ ಮನೆಯ ಜಗಲಿಯಲ್ಲಿ ಅವನಿಗೆ ಎದುರಾಗುವ ಪ್ರಶ್ನೆಗಳೇ ಬೇರೆ. ಆಸ್ತಿ ಎಲ್ಲಿದೆ? ಅದು ಯಾವ ನ್ಯಾಯಸ್ಥಾನದ ಅಧಿಕಾರಕ್ಕೆ ಸೇರಿದುದು? ಆ ನ್ಯಾಯಸ್ಥಾನವು ಯಾರು ಮಾಡಿದ ಕಾನೂನನ್ನು ಅನುಸರಿಸುವುದು? ಆ ಕಾನೂನು ಜಾರಿಗೆ ಬಂದ ತಾರೀಖು ಯಾವುದು, ತಂದೆ ತೀರಿಕೊಂಡ ತಾರೀಖು ಯಾವುದು? ಇವೆಲ್ಲ ಕೇವಲ ವಕೀಲರ ಕೈಚಳಕವೆಂದು ಭಾವಿಸಿ ಬೇಸರಪಡುವವರು ಬಹುಮಂದಿ ಉಂಟು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೂ ಈ ಪ್ರಶ್ನೆಗಳ ಉತ್ತರದ ಮೇಲೆಯೇ ಒಂದು ಮನೆಯ ಹೆಣ್ಣುಮಗಳಿಗೆ ಪಾಲು ಬರುವುದೂ ಬಾರದಿರುವುದೂ, ಒಬ್ಬ ರೈತನ ಜಮೀನು ಉಳಿಯುವುದೂ ಅಳಿಯುವುದೂ ನಿಂತಿರುವುದರಿಂದ, ಇವುಗಳನ್ನು ಕುರಿತು ಈ ಹೊತ್ತು ಕೊಂಚ ವಿಚಾರ ಮಾಡೋಣ.

ವಿಚಾರಕ್ಕೆ ನಿಲ್ಲಲು ಒಂದು ನೆಲೆ ಬೇಕು. ನಾವು ಬಾಣಸವಾಡಿಯನ್ನು ಆರಿಸಿಕೊಂಡಿದ್ದೇವೆ. ಇಂದು ಅದು ಬೆಂಗಳೂರು ನಗರದ ಒಳಗೆ ಸೇರಿಹೋಗಿ, ಮನೆಗಳೂ ಅಂಗಡಿಗಳೂ ಕಿಕ್ಕಿರಿದ ಬಡಾವಣೆಯಾಗಿದೆ. ಹಿಂದೆ ಅದು ಕೃಷ್ಣರಾಜಪುರ ಹೋಬಳಿಯ ಒಂದು ಗ್ರಾಮ. ಫ್ರೇಜರ್ ಟೌನು, ಕಾಕ್ಸ್ ಟೌನು, ಕುಕ್ ಟೌನುಗಳ ಬೀದಿಗಳು ಮುಗಿದ ಮೇಲೆ ಹೊಲಗಳು ಆರಂಭವಾಗುತ್ತಿದ್ದುವು; ಆ ಹೊಲಗಳ ಕಡೆಗೆ ಬಾಣಸವಾಡಿ. ಪೇಟೆಯವರ ಕಣ್ಣಿಗೆ ಇದೆಲ್ಲ ಒಂದೇ ಬಯಲು. ಕಾನೂನಿನ ಕಣ್ಣಿಗೆ ಮಾತ್ರ ಆ ಬೀದಿಗಳಿಗೂ ಆ ಹೊಲಗಳಿಗೂ ನಡುವೆ ಒಂದು ಗೆರೆ ಇದ್ದಿತು; ಅದು ಎರಡು ರಾಜ್ಯಗಳ ನಡುವಣ ಗೆರೆ.

ಆ ಗೆರೆ ಬಿದ್ದ ಬಗೆ ಹೀಗೆ. ೧೮೦೯ರಲ್ಲಿ ಬೆಂಗಳೂರಿನಲ್ಲಿ ಇಂಗ್ಲಿಷರ ದಂಡು ನೆಲೆಯಾಯಿತು. ೧೮೩೧ರಲ್ಲಿ ಮೈಸೂರಿನ ಆಡಳಿತವನ್ನೇ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಂಡುದರಿಂದ ಐವತ್ತು ವರ್ಷ ದಂಡಿಗೂ ಹಳ್ಳಿಗೂ ಆಳುವವರು ಒಬ್ಬರೇ ಆಗಿದ್ದರು. ೧೮೮೧ರ ಮಾರ್ಚ್ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಹಿಂದಕ್ಕೆ ಬಂದಾಗ ದಂಡಿನ ಪ್ರದೇಶವು ಮಾತ್ರ ಬರಲಿಲ್ಲ. ನೆಲದ ಒಡೆತನ ಮಹಾರಾಜರದು, ಅಧಿಕಾರ ಇಂಗ್ಲಿಷ್ ಸರ್ಕಾರದ್ದು ಎಂಬ ವಿಚಿತ್ರವಾದ ಏರ್ಪಾಟಿನಲ್ಲಿ ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬೇರೆಯಾಗಿಯೇ ಉಳಿಯಿತು. ಅಲ್ಲಿ ಬ್ರಿಟಿಷ್ ಇಂಡಿಯಾದ ಶಾಸನಗಳು ತಾವಾಗಿ ನಡೆಯುತ್ತಿರಲಿಲ್ಲ. ಗವರ್ನರ್ ಜನರಲ್‌ರ ಸರ್ಕಾರವು ಪ್ರಕಟಣೆ ಹೊರಡಿಸಿ ಬೇಕಾದುವನ್ನು ಅಲ್ಲಿಗೆ ವಿಸ್ತರಿಸುತ್ತಿದ್ದಿತು. ಅಲ್ಲಿ ಜಿಲ್ಲಾ ನ್ಯಾಯಾಧೀಶರು ಬೇರೆ. ಅವರ ಮೇಲೆ ಹೈಕೋರ್ಟಿನ ಸ್ಥಾನದಲ್ಲಿ ರೆಸಿಡೆಂಟರ ನ್ಯಾಯಸ್ಥಾನ. ಬಾಣಸವಾಡಿಯ ರೈತನಿಗಾದರೋ ಮೈಸೂರು ಸರ್ಕಾರದ ಮುನಸೀಫರು, ಜಿಲ್ಲಾ ನ್ಯಾಯಾಧೀಶರು, ಅವರ ಮೇಲೆ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಅಠಾರಾ ಕಚೇರಿ. ಅಲ್ಲಿ ೧೮೮೪ರಲ್ಲಿ ಚೀಫ್ ಕೋರ್ಟು ಸ್ಥಾಪಿತವಾಗಿ, ೧೯೩೦ರಲ್ಲಿ ಅದಕ್ಕೆ ಹೈಕೋರ್ಟು ಎಂಬ ಹೆಸರು ಬಂದಿತು.

ಈ ಎರಡು ಕಡೆಯ ಕಾನೂನುಗಳು ಬಹುಮಟ್ಟಿಗೆ ಒಂದೇ ಅಚ್ಚಿನವು ಎಂಬುದನ್ನೂ ಹೇಳಬೇಕು. ಇಂಗ್ಲಿಷರು ಮಾಡಿದ ದಂಡಸಂಹಿತೆ, ವ್ಯವಹಾರಸಂಹಿತೆಗಳನ್ನೇ ಮೈಸೂರು ತನ್ನದಾಗಿ ಮಾಡಿಕೊಂಡಿದ್ದಿತು. ವಕೀಲರು ಓದುತ್ತಿದ್ದ ಪುಸ್ತಕಗಳು ಅವೇ, ಉದಾಹರಿಸುತ್ತಿದ್ದ ತೀರ್ಪುಗಳೂ ಹೆಚ್ಚಾಗಿ ಅವೇ. ಆದರೆ ಪುಸ್ತಕ ಒಂದೇ ಎಂಬ ಮಾತ್ರದಿಂದ ಒಂದು ಕಡೆಯ ಡಿಕ್ರಿ ಇನ್ನೊಂದು ಕಡೆ ಸರಾಗವಾಗಿ ನಡೆಯುವುದಿಲ್ಲ. ಒಬ್ಬ ಗೃಹಸ್ಥನಿಗೆ ಕಾಕ್ಸ್ ಟೌನಿನಲ್ಲಿ ಒಂದು ಮನೆ, ಬಾಣಸವಾಡಿಯಲ್ಲಿ ನಾಲ್ಕು ಎಕರೆ ತೋಟ ಇದ್ದುವೆಂದು ಭಾವಿಸಿ. ಮನೆಯ ಬಾಗಿಲಿನಿಂದ ತೋಟದ ಬೇಲಿಗೆ ಅರ್ಧ ಗಂಟೆಯ ನಡಿಗೆ. ಅವನು ತೀರಿಕೊಂಡ ಮೇಲೆ ಮಕ್ಕಳು ಜಗಳವಾಡಿದರೆ ಮನೆಗೆ ಒಂದು ದಾವೆ, ತೋಟಕ್ಕೆ ಒಂದು ದಾವೆ. ಇಬ್ಬರು ನ್ಯಾಯಾಧೀಶರು ಒಂದೇ ಉಯಿಲನ್ನು ಓದಿ ಎರಡು ಬಗೆಯ ಅರ್ಥ ಮಾಡಿದರೆ ಇಬ್ಬರ ಮೇಲೂ ಸಮನಾಗಿ ಅಧಿಕಾರವುಳ್ಳ ಮೂರನೆಯವರು ಈ ನಾಡಿನಲ್ಲಿ ಇರಲಿಲ್ಲ.

ಇದು ಬರಿಯ ಊಹೆಯಲ್ಲ. ಬೆಂಗಳೂರಿನ ಒಬ್ಬ ಧನಿಕರು ೧೯೪೨ರಲ್ಲಿ ಉಯಿಲು ಬರೆದಿಟ್ಟು ತೀರಿಕೊಂಡರು. ಅವರ ಆಸ್ತಿ ಮೈಸೂರು ಸೀಮೆಯಲ್ಲಿ ಇದ್ದಿತು, ಸ್ಟೇಷನ್ನಿನಲ್ಲಿ ಇದ್ದಿತು, ಮದರಾಸಿನಲ್ಲಿಯೂ ಇದ್ದಿತು. ಇದು ಅವಿಭಕ್ತ ಕುಟುಂಬದ ಆಸ್ತಿ, ಇದಕ್ಕೆ ಉಯಿಲು ಬರೆಯಲು ತಂದೆಗೆ ಅಧಿಕಾರವಿರಲಿಲ್ಲವೆಂದು ಮಕ್ಕಳ ವಾದ. ಅಲ್ಲ, ಅವರ ಸ್ವಯಾರ್ಜಿತವೆಂದು ಉಯಿಲಿನಂತೆ ನಿರ್ವಾಹಕರಾದವರ ವಾದ. ಮೂರು ಕಡೆಯೂ ದಾವೆ ಹೂಡಲ್ಪಟ್ಟಿತು. ಮೈಸೂರಿನ ಜಿಲ್ಲಾ ನ್ಯಾಯಾಲಯದಲ್ಲಿ ಮಕ್ಕಳು ಗೆದ್ದರು. ಮೈಸೂರು ಹೈಕೋರ್ಟಿನಲ್ಲಿ ಸೋತರು. ಹಾಗಾದರೆ ಮೈಸೂರಿನಲ್ಲಿ ಆದ ತೀರ್ಮಾನವು ಮದರಾಸಿನಲ್ಲಿರುವ ಮನೆಗಳಿಗೂ ಅನ್ವಯಿಸುವುದೇ? ವಿಶ್ವನಾಥನ್ ವಿರುದ್ಧ ರುಕ್ನುಲ್‌ಮುಲ್ಕ್ ಸೈಯದ್ ಅಬ್ದುಲ್ ವಾಜಿದ್ ಎಂಬ ಹೆಸರಿನಿಂದ ಈ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೬೨ರಲ್ಲಿ ಇತ್ಯರ್ಥವಾಯಿತು. ಆ ವೇಳೆಗೆ ಮಹಾರಾಜರ ಆಳ್ವಿಕೆಯೂ ಇಲ್ಲ, ರೆಸಿಡೆಂಟರೂ ಇಲ್ಲ, ಎಲ್ಲರೂ ಒಂದೇ ಗಣರಾಜ್ಯದ ಪ್ರಜೆಗಳು. ಆದರೂ ಸುಪ್ರೀಂ ಕೋರ್ಟು ನೋಡಿದ್ದು ತೀರ್ಪು ಆದ ದಿನವನ್ನು. ಆ ದಿನ ಮೈಸೂರಿನ ನ್ಯಾಯಸ್ಥಾನವು ಮದರಾಸಿಗೆ ವಿದೇಶೀ ನ್ಯಾಯಸ್ಥಾನ! ವಿದೇಶೀ ನ್ಯಾಯಸ್ಥಾನದ ತೀರ್ಪು ಸರಿಯೋ ತಪ್ಪೋ ಎಂದು ನಾವು ತೂಗಿ ನೋಡುವುದಿಲ್ಲ. ಅದಕ್ಕೆ ಅಧಿಕಾರವಿದ್ದಿತೇ, ವಿಚಾರಣೆ ನ್ಯಾಯವಾದ ರೀತಿಯಲ್ಲಿ ನಡೆಯಿತೇ ಎಂಬುದನ್ನು ಮಾತ್ರ ನೋಡುತ್ತೇವೆ ಎಂಬುದು ಅಲ್ಲಿನ ನಿಲುವು. ಮೈಸೂರಿನ ನ್ಯಾಯಾಧೀಶರಲ್ಲಿ ಪಕ್ಷಪಾತವಿದ್ದಿತೆಂಬ ಆಪಾದನೆಯನ್ನು ಅದು ಒಪ್ಪಲಿಲ್ಲ. ಮದರಾಸಿನ ಸ್ಥಿರಾಸ್ತಿಯ ಮಟ್ಟಿಗೆ ಮಾತ್ರ ಮೈಸೂರಿನ ತೀರ್ಪು ಕಟ್ಟುಪಾಡಾಗಲಾರದೆಂದು ಹೇಳಿತು. ನೆಲದ ಮೇಲಣ ಹಕ್ಕನ್ನು ಆ ನೆಲದ ನ್ಯಾಯಸ್ಥಾನವೇ ತೀರ್ಮಾನಿಸಬೇಕು. ಇಪ್ಪತ್ತು ವರ್ಷ ನಡೆದ ಈ ವ್ಯಾಜ್ಯದಲ್ಲಿ ಗಾದೆಯ ಯಾವ ಅರ್ಧ ಯಾರಿಗೆ ಸಲ್ಲುವುದೆಂಬುದನ್ನು ಶ್ರೋತೃಗಳೇ ನಿರ್ಣಯಿಸಬಹುದು.

ಇಂತಹ ತೊಡಕನ್ನು ಬಿಡಿಸಲು ಒಂದು ಸಂಯುಕ್ತ ನ್ಯಾಯಸ್ಥಾನವಿರಬೇಕೆಂಬ ಆಲೋಚನೆ ಆ ಕಾಲದಲ್ಲಿಯೇ ಇದ್ದಿತು. ೧೯೩೫ರ ಇಂಡಿಯಾ ಸರ್ಕಾರದ ಶಾಸನದಂತೆ ೧೯೩೭ರ ಅಕ್ಟೋಬರ್ ೧ರಂದು ದೆಹಲಿಯಲ್ಲಿ ಫೆಡರಲ್ ಕೋರ್ಟು ಆರಂಭವಾಯಿತು; ಸರ್ ಮಾರಿಸ್ ಗ್ವೈಯರ್ ಅದರ ಮೊದಲನೆಯ ಮುಖ್ಯ ನ್ಯಾಯಾಧೀಶರು. ಪ್ರಾಂತಗಳ ಜೊತೆಗೆ ದೇಶೀಯ ಸಂಸ್ಥಾನಗಳೂ ಸೇರಿ ಒಂದು ಸಂಯುಕ್ತ ರಾಜ್ಯವಾಗಬೇಕೆಂಬುದು ಆ ಶಾಸನದ ಉದ್ದೇಶ. ಆದರೆ ಸೇರುವುದೂ ಬಿಡುವುದೂ ಅರಸರ ಇಚ್ಛೆಗೆ ಸೇರಿದ್ದಿತು, ಅರಸರು ಸೇರಲಿಲ್ಲ. ಫೆಡರಲ್ ಕೋರ್ಟು ಸಿದ್ಧವಾಯಿತು, ಫೆಡರೇಷನ್ ಸಿದ್ಧವಾಗಲಿಲ್ಲ. ಮನೆಯಿಲ್ಲದ ಬಾಗಿಲಿನಂತೆ ಅದು ಹತ್ತು ವರ್ಷ ನಿಂತಿತು ಎಂದರೆ ಸ್ವಲ್ಪ ಕಟುವಾದೀತು. ಪ್ರಾಂತಗಳ ಮಟ್ಟಿಗೆ ಅದು ಒಳ್ಳೆಯ ಕೆಲಸ ಮಾಡಿತು. ಮೈಸೂರಿನ ಪ್ರಜೆಗೆ ಮಾತ್ರ ಅದರಿಂದ ಉಪಯೋಗವಾಗಲಿಲ್ಲ.

೧೯೪೭ರ ಜುಲೈ ೨೬ರಂದು ಸ್ಟೇಷನ್ನು ಮೈಸೂರಿಗೆ ಹಿಂದಿರುಗಿತು. ಮುಂದಿನ ತಿಂಗಳಲ್ಲಿ ಮೈಸೂರು ಭಾರತದ ಒಕ್ಕೂಟಕ್ಕೆ ಸೇರಿತು. ೧೯೪೯ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಒಂದಾಗಿ ಕಾರ್ಪೊರೇಷನ್ ಆಯಿತು. ೧೯೫೦ರ ಜನವರಿ ೨೬ರಂದು ಸಂವಿಧಾನ ಜಾರಿಗೆ ಬಂದಿತು. ಎರಡು ದಿನ ಕಳೆದು ಸುಪ್ರೀಂ ಕೋರ್ಟಿನ ಪ್ರಾರಂಭೋತ್ಸವ. ದಂಡಿನ ಕಾಲದ ಮೇಯೋ ಹಾಲಿನಲ್ಲಿ ಇಂದು ನಗರದ ಸಿವಿಲ್ ನ್ಯಾಯಾಲಯದ ಒಂದು ಭಾಗ ಕುಳಿತು, ಎರಡು ಕಡೆಯವರ ವ್ಯಾಜ್ಯಗಳನ್ನೂ ಕೇಳುತ್ತಿದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಅಮೆರಿಕದಲ್ಲಿ ರಾಜ್ಯಗಳ ಕಾನೂನಿಗೆ ರಾಜ್ಯಗಳ ನ್ಯಾಯಸ್ಥಾನ, ಕೇಂದ್ರದ ಕಾನೂನಿಗೆ ಕೇಂದ್ರದ ನ್ಯಾಯಸ್ಥಾನ ಎಂದು ಒಂದೇ ಊರಿನಲ್ಲಿ ಎರಡು ಸಾಲು ಉಂಟು. ನಮ್ಮ ಸಂವಿಧಾನವನ್ನು ರಚಿಸಿದವರು ಶಾಸನ ಮಾಡುವ ಅಧಿಕಾರವನ್ನು ಎರಡು ಪಾಲು ಮಾಡಿದರು. ನ್ಯಾಯಸ್ಥಾನಗಳನ್ನು ಪಾಲು ಮಾಡಲಿಲ್ಲ. ದೆಹಲಿಯ ಕಾನೂನನ್ನೂ ಬೆಂಗಳೂರಿನ ಕಾನೂನನ್ನೂ ಓದುವವರು ಅದೇ ಸಿವಿಲ್ ನ್ಯಾಯಾಧೀಶರು. ಅಪೀಲು ಹೋಗುವುದು ಅದೇ ಹೈಕೋರ್ಟಿಗೆ, ಕಡೆಗೆ ಅದೇ ಸುಪ್ರೀಂ ಕೋರ್ಟಿಗೆ. ನೆಲದ ಮೇಲಿದ್ದ ಗೆರೆ ಹೀಗೆ ಅಳಿಯಿತು. ಆದರೆ ಗೆರೆಯೇ ಇಲ್ಲವಾಯಿತೆಂದು ತಿಳಿಯಬಾರದು. ಅದು ನೆಲವನ್ನು ಬಿಟ್ಟು ಕಾನೂನಿನ ಪುಸ್ತಕದೊಳಕ್ಕೆ ಹೋಯಿತು. ಇದು ರಾಜ್ಯದ ಶಾಸನಕ್ಕೆ ಸೇರಿದ ಮಾತೋ ಕೇಂದ್ರದ ಶಾಸನಕ್ಕೆ ಸೇರಿದ ಮಾತೋ ಎಂಬ ಪ್ರಶ್ನೆಯಾಗಿ ಇಂದಿಗೂ ನಮ್ಮೆದುರಿಗೆ ಬರುತ್ತದೆ.

ಬಾಣಸವಾಡಿಯ ನಲ್ಲಿಯ ನೀರನ್ನೇ ತೆಗೆದುಕೊಳ್ಳಿ. ಆ ಊರಿನ ಮೇಲೆ ಬಿದ್ದ ಮಳೆ ಕಾವೇರಿಗೆ ಹೋಗುವುದಿಲ್ಲ. ಬೆಂಗಳೂರಿನ ಪೂರ್ವಭಾಗದ ನೀರೆಲ್ಲ ಇಳಿಯುವುದು ದಕ್ಷಿಣಪಿನಾಕಿನಿಯ ಕಡೆಗೆ. ನಲ್ಲಿಯಲ್ಲಿ ಬರುವ ನೀರು ಮಾತ್ರ ಕಾವೇರಿಯದು. ಕಾವೇರಿ ಜಲವಿವಾದದ ನ್ಯಾಯಮಂಡಳಿಯು ೨೦೦೭ರ ಐತೀರ್ಪಿನಲ್ಲಿ ಕರ್ನಾಟಕಕ್ಕೆ ೨೭೦ ಟಿ.ಎಂ.ಸಿ. ನೀರನ್ನು ಹಂಚಿತು. ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದೊಳಗಿದೆಯೆಂದು ಎಣಿಸಿ, ನಗರದ ಕುಡಿಯುವ ನೀರಿನ ಲೆಕ್ಕವನ್ನು ಅಷ್ಟಕ್ಕೇ ಹಿಡಿದಿದ್ದಿತು. ಸುಪ್ರೀಂ ಕೋರ್ಟು ೨೦೧೮ರ ಫೆಬ್ರವರಿ ೧೬ರಂದು ಆ ಲೆಕ್ಕವನ್ನು ಒಪ್ಪದೆ, ನಗರವನ್ನು ಇಡಿಯಾಗಿ ಗಣಿಸಬೇಕೆಂದು ಹೇಳಿ, ಕರ್ನಾಟಕಕ್ಕೆ ಹೆಚ್ಚಾಗಿ ಕೊಟ್ಟ ೧೪.೭೫ ಟಿ.ಎಂ.ಸಿ.ಯಲ್ಲಿ ೪.೭೫ನ್ನು ಬೆಂಗಳೂರಿಗೆಂದೇ ಸೇರಿಸಿತು. ೧೮೯೨ರಲ್ಲಿಯೂ ೧೯೨೪ರಲ್ಲಿಯೂ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದಗಳು ಈ ವಿವಾದದ ಬೇರು. ಕುಡಿಯುವ ನೀರಿನ ಮುಂದೆ ಕೊಳ್ಳದ ಗೆರೆಯನ್ನು ಬಿಗಿಯಾಗಿ ಹಿಡಿಯಲಾಗದೆಂದು ನ್ಯಾಯಸ್ಥಾನವು ಕಂಡುಕೊಂಡುದು ನಮ್ಮ ಮನಸ್ಸಿಗೆ ಹಿತವಾದ ಸಂಗತಿ.

ಎಲ್ಲ ಗೆರೆಗಳೂ ಹೀಗೆ ಸಡಿಲವಾಗುವುದಿಲ್ಲ. ಬೆಳ್ಳಂದೂರು ಕೆರೆಯ ಸುತ್ತಣ ಕಟ್ಟಡಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೬ರ ಮೇ ೪ರಂದು ನಗರದ ಕೆರೆಗಳ ಅಂಚಿನಿಂದ ೭೫ ಮೀಟರು ಬಯಲಾಗಿರಬೇಕೆಂದೂ ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ ೫೦, ೩೫, ೨೫ ಮೀಟರು ಬಿಡಬೇಕೆಂದೂ ವಿಧಿಸಿತು. ನಗರದ ಮಹಾಯೋಜನೆಯಲ್ಲಿ ಕೆರೆಗಿದ್ದದ್ದು ೩೦ ಮೀಟರು. ಆ ಯೋಜನೆಯಾದರೋ ರಾಜ್ಯದ ಶಾಸನದಂತೆ ಆದದ್ದು. ಕೇಂದ್ರದ ಶಾಸನದಿಂದ ಹುಟ್ಟಿದ ಮಂಡಳಿಯು ಅದನ್ನು ತಿದ್ದಿ ಬರೆಯಲಾರದೆಂದು ಸುಪ್ರೀಂ ಕೋರ್ಟು ೨೦೧೯ರ ಮಾರ್ಚ್ ೫ರಂದು ಆ ಭಾಗವನ್ನು ತೆಗೆದುಹಾಕಿತು. ಅಧಿಕಾರದ ಮಾತಾಗಿ ನೋಡಿದರೆ ಇದು ಸರಿಯಾದ ತೀರ್ಪೆಂದೇ ತೋರುತ್ತದೆ. ಕೆರೆಯ ಮಾತಾಗಿ ನೋಡಿದರೆ ಸಂತೋಷಪಡುವುದು ಕಷ್ಟ.

ಭೂಸ್ವಾಧೀನದಲ್ಲಿ ಈ ಎರಡು ಶಾಸನಗಳ ಸ್ಪರ್ಧೆ ಇನ್ನೂ ತೀಕ್ಷ್ಣವಾಗಿದೆ. ಬಾಣಸವಾಡಿ, ಹೆಣ್ಣೂರು, ನಾಗವಾರಗಳ ಹೊಲಗಳು ಬಡಾವಣೆಗಳಾದುದು ಬಹುಮಟ್ಟಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕೈಯಿಂದ. ಅದು ೧೯೭೬ರ ರಾಜ್ಯಶಾಸನದಿಂದ ಹುಟ್ಟಿದುದು. ಭೂಸ್ವಾಧೀನಕ್ಕೆ ಕೇಂದ್ರದ ಶಾಸನವೂ ಒಂದುಂಟು: ಮೊದಲು ೧೮೯೪ರದು, ಈಗ ೨೦೧೩ರದು. ಕೇಂದ್ರದ ಶಾಸನದಲ್ಲಿ ಇಷ್ಟು ಕಾಲದೊಳಗೆ ಐತೀರ್ಪಾಗದಿದ್ದರೆ ಸ್ವಾಧೀನವು ಬಿದ್ದುಹೋಗುವುದೆಂಬ ನಿಯಮವಿದೆ. ಪ್ರಾಧಿಕಾರವು ಹತ್ತಾರು ವರ್ಷ ಸುಮ್ಮನಿದ್ದು ಆಮೇಲೆ ಬಂದಾಗ ರೈತನು ಹಿಡಿದುಕೊಳ್ಳುವುದು ಇದೇ ನಿಯಮವನ್ನು. ಅದು ಅವನ ಕೈಗೆ ನಿಲ್ಲಲಿಲ್ಲ. ಪ್ರಾಧಿಕಾರದ ಶಾಸನವು ತನ್ನಲ್ಲಿ ತಾನು ಪೂರ್ಣವಾದ ಸಂಹಿತೆ, ಕೇಂದ್ರಶಾಸನದ ಕಾಲಮಿತಿ ಅದಕ್ಕೆ ತಾಗದು ಎಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ಮುನಿತಿಮ್ಮಯ್ಯ ಮೊಕದ್ದಮೆಯಲ್ಲಿ ಹೇಳಿತು. ೨೦೧೧ರಲ್ಲಿ ಮೂವರು ನ್ಯಾಯಾಧೀಶರ ಪೀಠವು ಅದನ್ನು ದೃಢಪಡಿಸಿತು. ೨೦೧೩ರ ಹೊಸ ಶಾಸನವೂ ಪ್ರಾಧಿಕಾರದ ಸ್ವಾಧೀನಕ್ಕೆ ಅನ್ವಯಿಸದೆಂದು ೨೦೨೨ರ ಜನವರಿಯಲ್ಲಿ ತೀರ್ಮಾನವಾಯಿತು. ಸರಹದ್ದಿನಾಚೆ ಬೇರೆ ಊರಿನ ರೈತನಿಗೆ ಸಿಕ್ಕುವ ರಕ್ಷಣೆ ಬೆಂಗಳೂರಿನ ರೈತನಿಗೆ ಸಿಕ್ಕದೆಂಬುದು ಇದರ ಫಲ.

ಆದರೂ ರೈತನು ಎಲ್ಲ ಕಡೆಯೂ ಸೋತನೆಂದು ಹೇಳಲಾಗದು. ನಾಗವಾರದಲ್ಲಿ ಒಂದು ಗೃಹನಿರ್ಮಾಣ ಸಹಕಾರ ಸಂಘಕ್ಕಾಗಿ ನಡೆದ ಸ್ವಾಧೀನವು ಮೋಸದಿಂದ ಕೂಡಿದುದೆಂದು ೨೦೦೭ರಲ್ಲಿ ವರದಿಯಾದ ಮೊಕದ್ದಮೆಯಲ್ಲಿ ರದ್ದಾಗಿಯೇ ಉಳಿಯಿತು. ಅರ್ಕಾವತಿ ಬಡಾವಣೆಗೆ ಹದಿನಾರು ಗ್ರಾಮಗಳ ೨,೭೫೦ ಎಕರೆಗಳನ್ನು ಗೊತ್ತುಮಾಡಿದ್ದ ೨೦೦೪ರ ಘೋಷಣೆಯನ್ನು ಹೈಕೋರ್ಟಿನ ಏಕಸದಸ್ಯ ಪೀಠವು ೨೦೦೫ರಲ್ಲಿ ರದ್ದುಮಾಡಿತು. ಅದೇ ವರ್ಷ ಇಬ್ಬರ ಪೀಠವು ಷರತ್ತುಗಳೊಡನೆ ಎತ್ತಿಹಿಡಿಯಿತು. ೨೦೧೦ರ ಮೇ ೫ರಂದು ಸುಪ್ರೀಂ ಕೋರ್ಟು ಸ್ವಾಧೀನವನ್ನು ಉಳಿಸಿ, ಮನೆಗಳಿಂದ ತುಂಬಿದ ನೆಲ, ಸಸ್ಯಪಾಲನೆಯ ತೋಟ, ನಡೆಯುತ್ತಿರುವ ಕಾರ್ಖಾನೆ, ಹಸಿರು ವಲಯ ಇವುಗಳಲ್ಲಿ ಇರುವವರು ಬಿಡುಗಡೆ ಕೇಳಬಹುದೆಂದು ದಾರಿ ಮಾಡಿತು. ಪಕ್ಕದವನ ಜಮೀನನ್ನು ಬಿಟ್ಟು ತನ್ನದನ್ನು ಮಾತ್ರ ಹಿಡಿದಿದ್ದರೆ ಅದನ್ನೂ ಪ್ರಶ್ನಿಸಬಹುದೆಂದು ಸೇರಿಸಿತು. ಬೆಂಗಳೂರಿನ ಭೂಸ್ವಾಧೀನದ ಕಥೆಯೆಲ್ಲ ಈ ಕಡೆಯ ವಾಕ್ಯದಲ್ಲಿ ಅಡಗಿದೆಯೆಂದರೆ ಬಲ್ಲವರು ನಗುವರು.

ಜಮೀನು ಹೋದರೆ ಪರಿಹಾರದ ಹಣ ಬರುತ್ತದೆ, ಇಲ್ಲವೆ ನಿವೇಶನ ಬರುತ್ತದೆ. ಬಂದದ್ದು ಯಾರಿಗೆ ಸೇರಬೇಕು? ಇಲ್ಲಿ ನಾವು ಹೊಲವನ್ನು ಬಿಟ್ಟು ಮನೆಯೊಳಕ್ಕೆ ಬರುತ್ತೇವೆ. ರಾಜ್ಯ ಮತ್ತು ಕೇಂದ್ರಗಳ ಶಾಸನಗಳು ಒಂದನ್ನೊಂದು ಹಿಂದಿಕ್ಕುತ್ತ ಬಂದುದು ಮಗಳ ಪಾಲಿನ ವಿಷಯದಲ್ಲಿ ಸ್ಪಷ್ಟವಾದಷ್ಟು ಬೇರೆಲ್ಲಿಯೂ ಇಲ್ಲ.

ಮೈಸೂರು ಇದರಲ್ಲಿ ಮುಂದಾಳು ಎಂಬುದನ್ನು ನಮ್ಮವರೇ ಮರೆತಿದ್ದಾರೆ. ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ನ್ಯಾಯವಿಧಾಯಕ ಸಭೆಯಲ್ಲಿಯೂ ಚರ್ಚೆಗಳಾಗಿ, ಕೆ. ಎಸ್. ಚಂದ್ರಶೇಖರ ಅಯ್ಯರ್ ಅವರ ಅಧ್ಯಕ್ಷತೆಯ ಸಮಿತಿ ವಿಚಾರಮಾಡಿ, ೧೯೩೩ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ ಹೊರಬಿದ್ದಿತು. ಅವಿಭಕ್ತ ಕುಟುಂಬವು ವಿಭಾಗವಾಗುವಾಗ ತಾಯಿಗೆ ಮಗನ ಪಾಲಿನ ಅರ್ಧ. ವಿಧವೆಗೆ ಗಂಡನಿದ್ದಿದ್ದರೆ ಬರುತ್ತಿದ್ದುದರ ಅರ್ಧ. ಮದುವೆಯಾಗದ ಮಗಳಿಗೂ ಸಹೋದರಿಗೂ ಸಹೋದರನ ಪಾಲಿನ ಕಾಲು. ಕಾಲು ಪಾಲು ಕಡಮೆಯೆಂದು ಇಂದು ನಮಗೆ ಕಾಣುತ್ತದೆ. ಮದುವೆಯಾದವಳಿಗೆ ಏನೂ ಇಲ್ಲವೆಂಬುದೂ ಕಾಣುತ್ತದೆ. ಆದರೆ ಬ್ರಿಟಿಷ್ ಇಂಡಿಯಾದಲ್ಲಿ ನಾಲ್ಕು ವರ್ಷ ತಡೆದು ೧೯೩೭ರಲ್ಲಿ ಬಂದ ಶಾಸನವು ವಿಧವೆಗೆ ಜೀವಾವಧಿಯ ಪರಿಮಿತವಾದ ಹಕ್ಕನ್ನು ಕೊಟ್ಟು, ಮಗಳ ಹೆಸರನ್ನೇ ಎತ್ತಲಿಲ್ಲ. ಮೈಸೂರಿನ ಶಾಸನ ಸ್ಟೇಷನ್ನಿಗೆ ಹೋಗುವಂತಿರಲಿಲ್ಲ; ಮೈಸೂರಿನ ಸಭೆಗಳಿಗೆ ಅಲ್ಲಿ ಅಧಿಕಾರವಿಲ್ಲ. ನಮ್ಮ ಗೃಹಸ್ಥನ ಬಾಣಸವಾಡಿಯ ತೋಟವನ್ನು ೧೯೪೦ರಲ್ಲಿ ಪಾಲುಮಾಡಿದ್ದರೆ ಮದುವೆಯಾಗದ ಮಗಳಿಗೆ ಅದರಲ್ಲಿ ಹಕ್ಕು ಹುಟ್ಟುತ್ತಿದ್ದಿತು. ಅರ್ಧ ಗಂಟೆಯ ದೂರದ ಕಾಕ್ಸ್ ಟೌನಿನ ಮನೆಯಲ್ಲಿ ಆ ಶಾಸನದ ಬಲದಿಂದ ಅವಳು ಒಂದು ಕೋಣೆಯನ್ನೂ ಕೇಳುವಂತಿರಲಿಲ್ಲ. ತಂದೆ ಒಬ್ಬನೇ, ಮಗಳು ಒಬ್ಬಳೇ. ಗೆರೆಯ ಈಚೆಗೆ ಒಂದು ನ್ಯಾಯ, ಆಚೆಗೆ ಒಂದು ನ್ಯಾಯ.

೧೯೫೬ರ ಜೂನ್ ೧೭ರಂದು ಕ್ರಮಕ್ಕೆ ಬಂದ ಹಿಂದೂ ಉತ್ತರಾಧಿಕಾರ ಶಾಸನವು ದೇಶಕ್ಕೆಲ್ಲ ಒಂದೇ ರೀತಿಯನ್ನು ತಂದಿತು. ತಂದೆ ತೀರಿಕೊಂಡರೆ ಅವನ ಸ್ವಂತ ಪಾಲಿನಲ್ಲಿ ಮಗಳಿಗೂ ಮಗನಿಗೂ ಸಮಾನ. ಆದರೆ ಹುಟ್ಟಿನಿಂದಲೇ ಬರುವ ಕುಟುಂಬದ ಹಕ್ಕು ಗಂಡುಮಕ್ಕಳಿಗೇ ಉಳಿಯಿತು. ಉತ್ತರಾಧಿಕಾರವು ರಾಜ್ಯವೂ ಕೇಂದ್ರವೂ ಶಾಸನ ಮಾಡಬಹುದಾದ ಸಮವರ್ತಿ ವಿಷಯ. ಆದ್ದರಿಂದ ಆಂಧ್ರ ಮತ್ತು ತಮಿಳುನಾಡುಗಳು ಮಗಳನ್ನು ಸಹದಾಯಾದಿಯನ್ನಾಗಿ ಮಾಡಿದುವು. ಕರ್ನಾಟಕದ ತಿದ್ದುಪಡಿ ೧೯೯೪ರ ಜುಲೈ ೩೦ರಿಂದ ಬಂದಿತು. ಅದಕ್ಕೆ ಮುಂಚೆ ಮದುವೆಯಾದವಳಿಗೆ ಇಲ್ಲವೆಂಬ ಗಂಟಿನೊಡನೆ ಬಂದಿತು. ಒಂದೇ ಮನೆಯಲ್ಲಿ ಅಕ್ಕನ ಮದುವೆ ಆ ವರ್ಷ ಮೇ ತಿಂಗಳಲ್ಲಿ, ತಂಗಿಯದು ಆಗಸ್ಟಿನಲ್ಲಿ ಆಗಿದ್ದರೆ ತಂಗಿಗೆ ಪಾಲು, ಅಕ್ಕನಿಗೆ ಇಲ್ಲ. ಲಗ್ನಪತ್ರಿಕೆ ದಸ್ತಾವೇಜಾಯಿತು! ಈ ಗಂಟನ್ನು ಬಿಚ್ಚಿದುದು ೨೦೦೫ರ ಸೆಪ್ಟೆಂಬರ್ ೯ರ ಕೇಂದ್ರದ ತಿದ್ದುಪಡಿ. ಮದುವೆಯಾಗಿರಲಿ ಆಗದಿರಲಿ, ಮಗಳೂ ಮಗನಂತೆಯೇ ಎಂದು ಅದು ಹೇಳಿತು.

ಅಲ್ಲಿಗೆ ಮುಗಿಯಬೇಕಾಗಿದ್ದಿತು, ಮುಗಿಯಲಿಲ್ಲ. ತಂದೆ ಮೊದಲೇ ತೀರಿಕೊಂಡಿದ್ದರೆ ಗತಿಯೇನು? ಈ ಪ್ರಶ್ನೆಯನ್ನು ದೆಹಲಿಯವರೆಗೆ ಕೊಂಡೊಯ್ದ ಮೊಕದ್ದಮೆಗಳಲ್ಲಿ ಮುಖ್ಯವಾದ ಎರಡು ನಮ್ಮ ನಾಡಿನವೇ. ಬೆಳಗಾವಿಯ ಫೂಲವತಿ ಮೊಕದ್ದಮೆಯಲ್ಲಿ ದಾವೆ ಹೂಡಿದ್ದು ೧೯೯೨ರಲ್ಲಿ, ತಂದೆ ತೀರಿಕೊಂಡಿದ್ದು ೧೯೮೮ರಲ್ಲಿ. ಹೊಸ ಕಾನೂನು ಬಂದಾಗ ವ್ಯಾಜ್ಯವು ಇನ್ನೂ ನಡೆಯುತ್ತಿದ್ದುದರಿಂದ ಅದರ ಪ್ರಯೋಜನವು ಮಗಳಿಗೆ ಸಲ್ಲಬೇಕೆಂದು ನಮ್ಮ ಹೈಕೋರ್ಟು ಹೇಳಿತು. ಸುಪ್ರೀಂ ಕೋರ್ಟು ೨೦೧೫ರ ಅಕ್ಟೋಬರ್ ೧೬ರಂದು ಒಪ್ಪಲಿಲ್ಲ. ಆ ಸೆಪ್ಟೆಂಬರ್ ೯ರಂದು ತಂದೆಯೂ ಮಗಳೂ ಇಬ್ಬರೂ ಬದುಕಿದ್ದರೆ ಮಾತ್ರ ಹಕ್ಕು ಎಂದಿತು. ದಾನಮ್ಮ ಮೊಕದ್ದಮೆ ಮುದ್ದೇಬಿಹಾಳದ ನ್ಯಾಯಾಲಯದಿಂದ ಹೊರಟದ್ದು. ಅಲ್ಲಿ ತಂದೆ ೨೦೦೧ರಲ್ಲಿಯೇ ತೀರಿಕೊಂಡಿದ್ದರು. ೧೯೫೬ಕ್ಕೆ ಮುಂಚೆ ಹುಟ್ಟಿದವರೆಂದು ಹೆಣ್ಣುಮಕ್ಕಳಿಗೆ ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಪಾಲು ನಿರಾಕರಿಸಿದ್ದುವು. ಇಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ೨೦೧೮ರ ಫೆಬ್ರವರಿ ೧ರಂದು ಸಮಪಾಲು ಕೊಟ್ಟಿತು. ಒಂದರಲ್ಲಿ ಹೈಕೋರ್ಟು ಕೊಟ್ಟದ್ದನ್ನು ಸುಪ್ರೀಂ ಕೋರ್ಟು ಕಿತ್ತುಕೊಂಡಿತು, ಇನ್ನೊಂದರಲ್ಲಿ ಹೈಕೋರ್ಟು ಕಿತ್ತುಕೊಂಡದ್ದನ್ನು ಅದೇ ಸುಪ್ರೀಂ ಕೋರ್ಟು ಕೊಟ್ಟಿತು. ಎರಡು ವರ್ಷಗಳಿಗಿಂತ ಹೆಚ್ಚು ಕಾಲ ನಮ್ಮ ಸಿವಿಲ್ ನ್ಯಾಯಾಧೀಶರ ಮೇಜಿನ ಮೇಲೆ ಈ ಎರಡು ತೀರ್ಪುಗಳೂ ಪಕ್ಕಪಕ್ಕದಲ್ಲಿ ಇದ್ದುವು. ಯಾವ ವಕೀಲರು ಯಾವುದನ್ನು ಮೊದಲು ಓದಿದರೋ ಅವರ ಕಕ್ಷಿಗೆ ಆಸೆ.

೨೦೨೦ರ ಆಗಸ್ಟ್ ೧೧ರಂದು ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಮೂವರು ನ್ಯಾಯಾಧೀಶರ ಪೀಠವು ಈ ಗೊಂದಲವನ್ನು ತೀರಿಸಿತು. ಆ ಮೂವರಲ್ಲಿ ಒಬ್ಬರಾದ ಎಸ್. ಅಬ್ದುಲ್ ನಜೀರರು ನಮ್ಮ ದಕ್ಷಿಣ ಕನ್ನಡದವರು, ನಮ್ಮ ಹೈಕೋರ್ಟಿನಿಂದ ಹೋದವರು. ಮಗನಿಗೆ ಹಕ್ಕು ಬರುವುದು ತಂದೆ ಬದುಕಿರುವುದರಿಂದಲ್ಲ, ತಾನು ಹುಟ್ಟಿದುದರಿಂದ. ಹಾಗಾದರೆ ಮಗಳಿಗೂ ಹಾಗೆಯೇ ಎಂಬುದು ಅವರ ತರ್ಕ. ಆದುದರಿಂದ ೨೦೦೫ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ. ಈ ತರ್ಕವು ಇಷ್ಟು ಸರಳವಾಗಿರುವಾಗ ಅದಕ್ಕೆ ಹದಿನೈದು ವರ್ಷ ಏಕೆ ಹಿಡಿಯಿತೆಂದು ಕೇಳುವವರಿಗೆ ನಮ್ಮಲ್ಲಿ ಉತ್ತರವಿಲ್ಲ. ಈ ವ್ಯಾಜ್ಯಗಳನ್ನು ಸಾಧ್ಯವಾದ ಮಟ್ಟಿಗೆ ಆರು ತಿಂಗಳಲ್ಲಿ ಮುಗಿಸಬೇಕೆಂದೂ ಪೀಠವು ಕೇಳಿಕೊಂಡಿತು. ಸಿವಿಲ್ ನ್ಯಾಯಾಲಯದ ವಾಯಿದೆಗಳನ್ನು ಕಂಡವರು ಆ ಮಾತನ್ನು ಗೌರವದಿಂದ ಕೇಳಿ ಸುಮ್ಮನಾಗುವರು.

ಈಗ ಬಾಣಸವಾಡಿಯ ಹಳೆಯ ಮನೆತನಗಳಲ್ಲಿ ಜಗಳ ಎಲ್ಲಿಗೆ ಬಂದು ನಿಲ್ಲುತ್ತದೆಯೆಂಬುದನ್ನು ಹೇಳಿಬಿಡುತ್ತೇವೆ. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನೋಂದಣಿಯಾದ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆದ ವಿಭಾಗವನ್ನು ಮಗಳು ಕದಲಿಸಲಾರಳು. ಅಂದಿಗೆ ಮುಂಚೆ ನ್ಯಾಯವಾಗಿ ಮಾರಿದ ಜಮೀನೂ ಹಾಗೆಯೇ. ಸಹೋದರರು ಆ ತಾರೀಖಿನ ಹಿಂದಕ್ಕೆ ಹೋಗಲು ಯತ್ನಿಸುವುದು ಸಹಜ. ಹಳ್ಳಿಗಳಲ್ಲಿ ಪಾಲಾಗುತ್ತಿದ್ದುದು ಪಂಚರ ಮುಂದೆ, ಬರೆಯುತ್ತಿದ್ದುದು ಪಾಲುಪಾರೀಕತ್ತು, ಅದು ಹೋಗುತ್ತಿದ್ದುದು ಪೆಟ್ಟಿಗೆಯ ತಳಕ್ಕೆ. ನೋಂದಣಿಯ ಕಚೇರಿಯನ್ನು ಅದು ಕಂಡದ್ದು ಅಪರೂಪ. ಎಷ್ಟೋ ಮನೆಗಳಲ್ಲಿ ಕಾಗದವೂ ಇಲ್ಲ, ಬಾಯಿಮಾತೇ. ಇಂತಹ ಬಾಯಿಮಾತಿನ ವಿಭಾಗವನ್ನು ಸುಲಭವಾಗಿ ನಂಬಬಾರದೆಂದು ಆ ತೀರ್ಪು ನ್ಯಾಯಾಲಯಗಳಿಗೆ ಹೇಳಿದೆ. ಸರ್ಕಾರಿ ದಾಖಲೆಗಳ ಬೆಂಬಲವಿದ್ದು, ಪಾಲು ನಿಜವಾಗಿಯೇ ಆಯಿತೆಂದು ಕಡೆಗೆ ಡಿಕ್ರಿಯಷ್ಟೇ ಗಟ್ಟಿಯಾಗಿ ಸಿದ್ಧವಾದ ವಿರಳ ಸಂದರ್ಭದಲ್ಲಿ ಮಾತ್ರ ಒಪ್ಪಬಹುದು. ಆದ್ದರಿಂದ ಸಹೋದರನು ಪ್ರತ್ಯೇಕ ಖಾತೆ ಯಾವ ವರ್ಷವಾಯಿತು, ಪಹಣಿಯಲ್ಲಿ ಹೆಸರು ಯಾವಾಗ ಬದಲಾಯಿತು, ಕಂದಾಯವನ್ನು ಯಾರು ಕಟ್ಟಿದರು ಎಂಬುದನ್ನು ಹುಡುಕಿಸುತ್ತಾನೆ. ಸಹೋದರಿಯೂ ಅದೇ ಕಚೇರಿಯಲ್ಲಿ ಅದೇ ಪ್ರತಿಗಳಿಗೆ ಅರ್ಜಿ ಕೊಟ್ಟಿರುತ್ತಾಳೆ. ತೋಟವು ಬಡಾವಣೆಯಾಗಿ, ಪರಿಹಾರದ ಹಣ ನ್ಯಾಯಾಲಯದ ಠೇವಣಿಯಲ್ಲಿ ಕುಳಿತು, ಇಬ್ಬರ ವಕೀಲರೂ ಮೇಯೋ ಹಾಲಿನ ಮೆಟ್ಟಲಿನ ಮೇಲೆ ಮುಂದಿನ ವಾಯಿದೆಯ ತಾರೀಖನ್ನು ಬರೆದುಕೊಳ್ಳುತ್ತಿರುತ್ತಾರೆ.